ಗಾಜಿನ ಪೆಟ್ಟಿಗೆಯ ರಾಗಿ ಉಂಡೆ

ಗಾಳ ಹಾಕುವ ಆಟಕ್ಕೂ ಒಂದು ಮ್ಯೂಸಿಯಂ ಬೇಕೆಂದು ಮೈಸೂರಿನ ಕೆಲವು ದೊಡ್ಡ ಮನುಷ್ಯರಿಗೆ ಅನ್ನಿಸಿತು. ಟೊಪ್ಪಿ ಹಾಕಿಕೊಂಡು, ಫ್ಲಾಸ್ಕಿನಲ್ಲಿ ಕಾಫಿ ತಂದು, ಹಿಡಿದ ಮೀನಿನ ಜೊತೆ ಫೋಟೋ ತೆಗೆಸಿಕೊಳ್ಳುವವರ ಕ್ಲಬ್ಬು ಅವರದು. ಹೊಟ್ಟೆಪಾಡಿಗೆ ಬಲೆ ಬೀಸುವವರನ್ನು ಅವರು ಲೆಕ್ಕಕ್ಕೇ ಇಟ್ಟಿರಲಿಲ್ಲ. ನರಸೀಪುರದಲ್ಲಿ ಹೊಳೆಗೆ ಮುಖ ಮಾಡಿದ್ದ ಒಂದು ಹಳೆಯ ಬಂಗಲೆಗೆ ಸುಣ್ಣ ಬಳಿಸಿ, ಗೋಡೆಯ ತುಂಬ ಗಾಳದ ಕೋಲು, ರೀಲು, ಎಂದೋ ಸತ್ತ ದೊರೆಗಳ ಫೋಟೋ ತೂಗುಹಾಕಿದರು. ಎಂಬತ್ತರ ದಶಕ ಆಗತಾನೆ ಶುರುವಾಗಿತ್ತು. ಅಲ್ಲಿನ ಕನ್ನಡದ ಕಾರ್ಡುಗಳನ್ನೆಲ್ಲ ಬರೆದವಳು ನಾನು. ಆ ಮ್ಯೂಸಿಯಂ ಎರಡು ಮಳೆಗಾಲ ಕೂಡ ನೆಟ್ಟಗೆ ನಡೆಯಲಿಲ್ಲ. ನನ್ನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ಅಪ್ಪ ಬದುಕಿದ್ದಾಗ ಹರಿಗೋಲು ಹಾಕುತ್ತಿದ್ದ. ಕ್ಲಬ್ಬಿನವರನ್ನು ಕಾವೇರಿ, ಕಪಿಲೆ ಕೂಡುವ ಕಡೆಯ ಮಡುವುಗಳಿಗೆ ಕರೆದುಕೊಂಡು ಹೋಗುತ್ತಿದ್ದವನು ಅವನೇ. ಅವರಿಗೆಲ್ಲ ಬಿಳಿಮೀನಿನ ಹುಚ್ಚು. ಆಳುದ್ದ ಬೆಳೆಯುವ ಆ ಮೀನಿಗೆ ರಾಗಿ ಎಂದರೆ ಪ್ರಾಣ. ಆದರೆ ನಾವು ಉಣ್ಣುವ ಮುದ್ದೆಯನ್ನು ಗಾಳಕ್ಕೆ ಸಿಕ್ಕಿಸಿದರೆ ಒಂದು ಗಳಿಗೆಯಲ್ಲಿ ಕರಗಿ ನೀರುಪಾಲಾಗುತ್ತದೆ. ಹೊಳೆಯ ಸೆಳೆತಕ್ಕೆ ಗಂಟೆಗಟ್ಟಲೆ ನಿಲ್ಲುವ ಉಂಡೆ ಮಾಡಲು ನಮ್ಮ ಕಡೆ ಗೊತ್ತಿದ್ದುದು ಅವ್ವನಿಗೆ.

ಜರಡಿ ಹಿಡಿದ ಹಿಟ್ಟಿಗೆ ಮೆಂತ್ಯದ ಪುಡಿ, ಹುರಿದ ಹುಚ್ಚೆಳ್ಳಿನ ಪುಡಿ ಬೆರೆಸಿ ತಣ್ಣೀರಿನಲ್ಲಿ ಕಲಸಬೇಕು. ಉಂಡೆ ಕಟ್ಟಿ ಕುದಿಯುವ ನೀರಿಗೆ ಬಿಟ್ಟು, ತೇಲಿದಾಗ ತೆಗೆದು, ಬಿಸಿ ಆರುವ ಮೊದಲೇ ಒರಳಿನಲ್ಲಿ ಕುಟ್ಟಬೇಕು. ಮತ್ತೆ ಬೇಯಿಸಬೇಕು, ಮತ್ತೆ ನಾದಬೇಕು. ಕೊನೆಗೆ ಅವ್ವ ಒಂದು ಉಂಡೆಯನ್ನು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿಗೆ ಬೀಸಿ ಹೊಡೆಯುತ್ತಿದ್ದಳು. ಅಂಟಿದರೂ ತಪ್ಪು, ಬಿರಿದರೂ ತಪ್ಪು, ಪುಟಿದು ಬಂದರೆ ಸರಿ. ಬಿಸಿ ನಾದಿ ನಾದಿ ಅವಳ ಅಂಗೈ ದಡ್ಡುಗಟ್ಟಿತ್ತು. ಅಪ್ಪ ಹೋದ ಮೇಲೂ ಭಾನುವಾರ ಬೆಳಿಗ್ಗೆ ಕ್ಲಬ್ಬಿನ ಜೀಪು ಉಂಡೆಗಾಗಿ ಬಾಗಿಲಿಗೆ ಬಂದು ಹಾರನ್ ಹೊಡೆಯುತ್ತಿತ್ತು. ಇಳಿದು ಬಂದು ಮಾತಾಡಿಸುವಷ್ಟು ಪುರುಸೊತ್ತು ಆ ಮಹಾನುಭಾವರಿಗೆ ಇರಲಿಲ್ಲ.

ನಾನು ಆಗ ನಂಜನಗೂಡಿನಲ್ಲಿ ಪ್ರೈಮರಿ ಸ್ಕೂಲ್ ಟೀಚರು. ಶನಿವಾರ ಸ್ಕೂಲು ಮುಗಿಸಿ ಬಸ್ಸು ಹತ್ತಿ ಅವ್ವನ ಹತ್ತಿರ ಬರುತ್ತಿದ್ದೆ. ಅಂಥ ಒಂದು ಶನಿವಾರ ಕ್ಲಬ್ಬಿನ ಅಧ್ಯಕ್ಷರು ಮೊದಲ ಸಲ ಜೀಪಿನಿಂದ ಇಳಿದು ನಮ್ಮ ಜಗಲಿಯ ಮೇಲೆ ಕುಳಿತರು.

"ಮ್ಯೂಸಿಯಂ ಮಾಡ್ತಿದೀವಿ ಕಣಮ್ಮ. ಗಾಜಿನ ಪೆಟ್ಟಿಗೇಲಿ ಇಡೋಕೆ ಒಂದು ಒಳ್ಳೇ ಉಂಡೆ ಮಾಡ್ಕೊಡು. ಜನ ನೋಡ್ಲಿ" ಅಂದರು.

ಅವ್ವ ಸೆರಗು ಸರಿಮಾಡಿಕೊಂಡಳು. "ಅಂಗಾರೆ ನನ್ನೆಸ್ರೂ ಬರುಸ್ತೀರಾ ಬುದ್ದಿ?"

"ಬರ್ಸೋಣ, ಬರ್ಸೋಣ."

ಅವರ ಬಾಯಿಂದಲೇ ಬಂದ ಮಾತು ಅದು. ನಾನು ಅಲ್ಲೇ ನಿಂತಿದ್ದೆ. ಆಮೇಲೆ ನನ್ನನ್ನು ಜೀಪಿನ ಹತ್ತಿರ ಕರೆದು, ಇಂಗ್ಲಿಷಿನಲ್ಲಿ ಟೈಪು ಮಾಡಿದ್ದ ಹಾಳೆಗಳನ್ನು ಕೊಟ್ಟು, ಕನ್ನಡ ಮಾಡಿ ದುಂಡಗೆ ಬರೆದುಕೊಡಿ ಅಂದರು. ಕೊನೆಯ ಹಾಳೆಯಲ್ಲಿ ರಾಗಿ ಉಂಡೆಯ ಬಗ್ಗೆ ಇದ್ದದ್ದು ಇಷ್ಟು: ಕ್ಲಬ್ಬಿನ ಅಧ್ಯಕ್ಷರು ಅನೇಕ ವರ್ಷಗಳ ಪ್ರಯೋಗದಿಂದ ಕಂಡುಹಿಡಿದ ಎರೆ.

"ಇದು ಅವ್ವ ಮಾಡೋದಲ್ವಾ ಸಾರ್?" ಅಂತ ಕೇಳಿದೆ.

ಅವರು ನಕ್ಕರು. "ನಿಮ್ಮ ತಾಯಿ ಕಲಸ್ತಾರೆ, ಸರಿ. ತಲೆ ಓಡ್ಸಿದ್ದು ಯಾರು? ಅಡುಗೆಯವರ ಹೆಸರನ್ನ ಯಾರಾದ್ರೂ ಬೋರ್ಡಿಗೆ ಹಾಕ್ತಾರಾ ಟೀಚರಮ್ಮ?" ಜೀಪು ಹತ್ತುತ್ತಾ, "ನಿಮ್ಮ ವರ್ಗಾವಣೆ ವಿಷಯ ನನ್ನ ತಲೇಲಿದೆ, ಮಾತಾಡ್ತೀನಿ" ಅಂತಲೂ ಸೇರಿಸಿದರು.

ಅವ್ವ ಒಬ್ಬಳೇ ಇದ್ದಾಳೆ, ನರಸೀಪುರಕ್ಕೆ ಹಾಕಿಕೊಡಿ ಎಂದು ನಾನು ಅರ್ಜಿ ಬರೆದು ಬರೆದು ಸುಸ್ತಾಗಿದ್ದೆ. ಅದು ಅವರಿಗೆ ಗೊತ್ತಿತ್ತು. ಎಷ್ಟು ಸಲೀಸಾಗಿ ನನ್ನ ಬಾಯಿಗೆ ಬೀಗ ಹಾಕಿದರು! ಎಷ್ಟು ಸಲೀಸಾಗಿ ನಾನು ಹಾಕಿಸಿಕೊಂಡೆ! ಮರುದಿನ ಅಡುಗೆಮನೆಯಲ್ಲಿ ಕೂತು ಆ ಕಾರ್ಡನ್ನೂ ಬರೆದೆ. ಎದುರಿಗೆ ಅವ್ವ ಮ್ಯೂಸಿಯಂ ಉಂಡೆಗೆ ಹಿಟ್ಟು ಜರಡಿ ಹಿಡಿಯುತ್ತಾ, "ಎಷ್ಟು ದುಂಡುಗೆ ಬರೀತೀಯಾ ಮಗ" ಅಂತ ನೋಡುತ್ತಿದ್ದಳು.

ಆರಂಭದ ದಿನ ಭಾಷಣಗಳು ಮುಗಿಯುವುದರೊಳಗೆ ಅವ್ವ ಒಳಗೆ ಹೋಗಿ ಗಾಜಿನ ಪೆಟ್ಟಿಗೆಯ ಮುಂದೆ ನಿಂತಿದ್ದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಆದರೆ ನನ್ನ ಅಕ್ಷರದ ಗುರುತು ಅವಳಿಗೆ ಚೆನ್ನಾಗಿತ್ತು.

"ಇದು ನಿನ್ನಕ್ಸರ ಅಲ್ವಾ? ನನ್ನೆಸ್ರು ಎಲ್ಲೈತೆ ತೋರ್ಸು."

ಇಲ್ಲ ಅನ್ನಬೇಕಿತ್ತು. ಅಷ್ಟರಲ್ಲಿ ಅಧ್ಯಕ್ಷರು ಕೊರಳ ಹಾರದ ಸಮೇತ ಒಳಗೆ ಬಂದು ಹಿಂದೆಯೇ ನಿಂತಿದ್ದರು. ನಾನು ಗಾಜಿನ ಮೇಲೆ ಬೆರಳಿಟ್ಟೆ. ನನ್ನ ಬೆರಳ ಕೆಳಗೆ ಇದ್ದದ್ದು 'ಅಧ್ಯಕ್ಷರು' ಎಂಬ ಪದ. ಅವ್ವ ಆ ಜಾಗವನ್ನು ಅಂಗೈಯಿಂದ ಸವರಿ, ಕೈಯನ್ನು ಕಣ್ಣಿಗೊತ್ತಿಕೊಂಡಳು. ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು.

ಒಂದೆರಡು ತಿಂಗಳಿಗೆ ಉಂಡೆಗೆ ಹುಳ ಬಿತ್ತು. ಜೀಪು ಮತ್ತೆ ಬಂತು, ನಾನು ಮನೆಯಲ್ಲಿದ್ದ ದಿನವೇ. ಹೊಸದೊಂದು ಬೇಕೆಂದು ಅಧ್ಯಕ್ಷರು ಮೊದಲೇ ಹೇಳಿಕಳಿಸಿದ್ದರಿಂದ ಅವ್ವ ಬೆಳಗಿನಿಂದ ಕುಟ್ಟಿ ನಾದಿ ಸಿದ್ಧ ಮಾಡಿದ್ದಳು. ಬಿಸಿ ಆರದ ಉಂಡೆಯನ್ನು ಎರಡೂ ಕೈಯಲ್ಲಿ ಹಿಡಿದು, ಜೀಪಿನಿಂದ ಇಳಿದ ಅಧ್ಯಕ್ಷರ ಮುಂದೆ ಬಂದಳು.

"ನನ್ನೆಸ್ರು ಬರ್ಸಿದ್ರಲ್ಲ ಬುದ್ದಿ, ನಿಮ್ಮ ಉಪಕಾರ ಮರೆಯಾಕಿಲ್ಲ" ಅಂದಳು.

ಆ ಮನುಷ್ಯ ಒಮ್ಮೆ ನನ್ನ ಕಡೆ ನೋಡಿದರು. ಒಂದು ಕ್ಷಣ ತಡವರಿಸಿದರೇನೋ ಅಂದುಕೊಂಡೆ. ಎಲ್ಲಿಯ ತಡವರಿಕೆ! "ಇರ್ಲಿ ಬಿಡಮ್ಮ" ಅಂದು ಕೈ ಚಾಚಿದರು. ಕದ್ದದ್ದಲ್ಲದೆ ಅದಕ್ಕೊಂದು ಕೃತಜ್ಞತೆಯನ್ನೂ ಇಸಿದುಕೊಂಡರು.

ನನ್ನ ಮೈಯೆಲ್ಲ ಉರಿದುಹೋಯಿತು. "ನಿನ್ನ ಹೆಸರಿಲ್ಲ ಕಣವ್ವ ಅಲ್ಲಿ. ಇವರು ಕಂಡುಹಿಡಿದದ್ದು ಅಂತ ಬರೆಸಿದ್ದಾರೆ. ಬರೆದವಳು ನಾನೇ" ಎಂದು ಕೂಗಿಬಿಟ್ಟೆ.

ಅಧ್ಯಕ್ಷರು ಏನೋ ಹೇಳಲು ಹೋದರು. ಅವ್ವ ಅವರತ್ತ ತಿರುಗಿಯೂ ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

"ಅಂಗಾರೆ ಅವತ್ತು ನಾನು ಕಣ್ಣಿಗೊತ್ಕಂಡಿದ್ದು ಯಾರೆಸ್ರ?"

ಅವ್ವ ಉಂಡೆಯನ್ನು ತುಂಡುತುಂಡು ಮಾಡಿ ಅಂಗಳದ ಕೋಳಿಗಳಿಗೆ ಎಸೆದು ಒಳಗೆ ಹೋದಳು. ಅಧ್ಯಕ್ಷರು ಬರಿಗೈಯಲ್ಲಿ ಜೀಪು ಹತ್ತಿದರು. ಆಮೇಲೆ ಆ ಪೆಟ್ಟಿಗೆಯಲ್ಲಿ ಸಿಮೆಂಟಿನ ಉಂಡೆಗೆ ಬಣ್ಣ ಬಳಿದು ಇಟ್ಟರಂತೆ, ಕಾರ್ಡು ಹಾಗೇ ಇತ್ತಂತೆ. ನಾಚಿಕೆ ಅನ್ನುವುದು ಆ ಜನಕ್ಕೆ ಇದ್ದಿದ್ದರೆ ತಾನೆ! ನನಗೆ ವರ್ಗವೂ ಆಗಲಿಲ್ಲ.

ನಂಟರಿಂದ ಬಂದ ಕಾಗದಗಳನ್ನು ಅವ್ವ ಒಡೆಯದೆ ನನಗಾಗಿ ಎತ್ತಿಡುತ್ತಿದ್ದಳು, ಶನಿವಾರ ನಾನು ಬಂದು ಓದಿ ಹೇಳಬೇಕು. ಮುಂದಿನ ವಾರ ಹೋದಾಗ ಒಂದು ಇನ್‌ಲ್ಯಾಂಡ್ ಲೆಟರು ಒಡೆದು ಗೋಡೆಯ ಗೂಡಿನಲ್ಲಿತ್ತು. ಯಾರು ಓದಿದರು ಅಂತ ಕೇಳಿದೆ.

"ಪೋಸ್ಟಿನವ್ನು ಓದ್ದ" ಅಂದಳು ಅವ್ವ, ಒಲೆಯಿಂದ ಮುಖ ಎತ್ತದೆ. "ಅವ್ನು ಇರೋದ್ನ ಇದ್ದಂಗೆ ಓದ್ತಾನೆ."