ಕೊರಳು ಹಿಡಿದು ಕೇಳುವ ಹಾಡು

ಕಸ್ತೂರಿಬಾಯಿ ಚಂದ್ರಾಮ ರಾಠೋಡ ತೀರಿಕೊಂಡದ್ದು ೧೯೯೨ರಲ್ಲಿ, ನಲವತ್ತೇಳನೆಯ ವಯಸ್ಸಿನಲ್ಲಿ. ತಂದೆ ಚಂದ್ರಾಮ ವಿಜಾಪುರದ ಲಂಬಾಣಿ ತಾಂಡಾದಿಂದ ಮುಂಬಯಿಗೆ ಬಂದು ಕಟ್ಟಡಗಳಿಗೆ ಕಲ್ಲು ಹೊತ್ತವರು, ತಾಯಿ ಸೋಮ್ಲಿಬಾಯಿ. ಕಸ್ತೂರಿಬಾಯಿ ಮದುವೆಯಾಗಲಿಲ್ಲ. ಕುರ್ಲಾದ ಚಾಳಿನಲ್ಲಿ ತಾಯಿ, ಅಣ್ಣ, ಅಣ್ಣನ ಮಗಳು ವಸಂತಿಯೊಂದಿಗೆ ಇದ್ದು, ವಿಲೆ ಪಾರ್ಲೆಯ ಕಾಲೇಜೊಂದರಲ್ಲಿ ಸಹಾಯಕ ಗ್ರಂಥಪಾಲಕಿಯಾಗಿದ್ದರು.

೧೯೮೬ರಲ್ಲಿ ಆ ಗ್ರಂಥಾಲಯ ಹಾಡುಗಳ ಟೇಪುಗಳನ್ನೂ ಸಂಗ್ರಹಿಸತೊಡಗಿತು. ಕಸ್ತೂರಿಬಾಯಿ ಟೇಪ್‌ರೆಕಾರ್ಡರನ್ನು ಮನೆಗೆ ಒಯ್ದು ತಾಯಿಯ ಮುಂದಿಟ್ಟರು.

“ಯಾಡಿ, ಢಾವಲೋ ಹಾಡು. ಕಾಲೇಜಿನ್ಯಾಗ ಇಡ್ತೀನಿ.”

“ಯಾರನ್ನ ಕಳಸಾಕತ್ತೀನಿ? ನಿನ್ನ ಡಬ್ಬೀನ ಗಂಡನ ಮನೀಗೆ ಕಳಸಲೇನು?”

ಢಾವಲೋ ಮದುಮಗಳು ತವರು ಬಿಡುವಾಗ ಹಿರಿಯರ ಕೊರಳು ಹಿಡಿದು ಅಳುತ್ತ ಹಾಡುವ ಹಾಡು. ಮದುವೆಯಿಲ್ಲದೆ ಹಾಡಿದರೆ ಮನೆಗೆ ಕೇಡೆಂದು ಸೋಮ್ಲಿಬಾಯಿ ನಂಬಿದ್ದರು. ಕಸ್ತೂರಿಬಾಯಿ ವಸಂತಿಯ ಮದುವೆಯವರೆಗೆ ಕಾದರು.

“ಅಜ್ಜಿ, ನಂಗೆ ರೋನಾ ಬರೋದೇ ಇಲ್ಲ,” ಮದುವೆಯ ದಿನ ಒಣ ಕಣ್ಣಿನಲ್ಲೇ ಎಂದಳು ವಸಂತಿ.

“ಕೊರಳ ಹಿಡಿ, ತಾನ ಬರತದ.”

ಬಂತು. ಅಜ್ಜಿ ಎತ್ತಿಕೊಟ್ಟ ಸಾಲುಗಳನ್ನು ಮೊಮ್ಮಗಳು ಅಳುತ್ತ ಹಾಡಿದಳು, ಟೇಪೂ ತುಂಬಿತು. ಸೋಮ್ಲಿಬಾಯಿ ಅದನ್ನು ಕೊಟ್ಟದ್ದು ಮಾತು ತೆಗೆದುಕೊಂಡ ಮೇಲೆಯೇ: “ಮದುವಿ ಗೊತ್ತಾದಾಕಿಗಷ್ಟ ಕೊಡು. ಬಾಜೂಕ ಹಿರ್ಯಾಕಿ ಇರಬೇಕು. ಒಬ್ಬಾಕಿನ ಕುಂತು ಕೇಳಬಾರ್ದು.”

ಮುಖ್ಯ ಗ್ರಂಥಪಾಲಕ ಕೇಶವಮೂರ್ತಿ ಮೈಸೂರಿನವರು, ನಿಯಮದ ಮನುಷ್ಯ. “ಅಲ್ಲಾ ಕಸ್ತೂರಿಬಾಯಿ, ಲೈಬ್ರರಿ ಅಂದ್ಮೇಲೆ ಕೇಳಿದೋರಿಗೆಲ್ಲ ಕೊಡ್ಬೇಕು. ಇದೇನಮ್ಮ, ಟೇಪಿಗೂ ಮಡಿಯೇ?”

“ತಾಳೆಗರಿ ಕಟ್ಟು ಮನೀಗೆ ಒಯ್ಯಾಕ ಕೊಡ್ತೀರೇನ್ರಿ ಸರ? ಗರಿ ಮುರೀತದಂತ ನೀವು ಬ್ಯಾಡ ಅಂತೀರಿ. ಹಾಡು ಕೆಡತದಂತ ನಮ್ಮ ಯಾಡಿ ಬ್ಯಾಡ ಅಂತಾಳ. ಒಪ್ಪದಿದ್ರ ಟೇಪು ಕುರ್ಲಾಕ್ಕ ವಾಪಸ್.”

ಇದನ್ನು ಹಠವೆಂದು ಕರೆದವರಿದ್ದರು. ಹಠವಲ್ಲ, ಕೊಟ್ಟ ಮಾತು. ವಾರದ ನಂತರ ಕೇಶವಮೂರ್ತಿ ಒಂದು ವರ್ಷದ ಮಟ್ಟಿಗೆ ಒಪ್ಪಿ, ಹಿಂದಿನ ಕೋಣೆಯನ್ನು ಬಿಟ್ಟುಕೊಟ್ಟರು. ಟೇಪಿನ ಸೂಚಿ ಕಾರ್ಡಿನಲ್ಲಿ ಕರ್ತೃವಿನ ಜಾಗದಲ್ಲಿ ‘ಜನಪದ’ ಎಂದು ಬರೆಯಲು ಕಸ್ತೂರಿಬಾಯಿ ಬಿಡಲಿಲ್ಲ. ಸೋಮ್ಲಿಬಾಯಿ ರಾಠೋಡ ಎಂದು ಬರೆಸಿದರು.

ವರ್ಷ ಮುಗಿಯುತ್ತ ಬಂದರೂ ಯಾರೂ ಕೇಳಿಕೊಂಡು ಬರಲಿಲ್ಲ. ಕೊನೆಗೆ ಕುರ್ಲಾದಿಂದ ಒಬ್ಬ ಹುಡುಗಿ ಅಜ್ಜಿಯನ್ನು ಕರೆದುಕೊಂಡು ಬಂದಳು. ಟೇಪು ತಿರುಗಿತು. ಸ್ವಲ್ಪ ಹೊತ್ತಿನಲ್ಲಿ ಮುಚ್ಚಿದ ಬಾಗಿಲಿನಾಚೆಯಿಂದ ಎರಡು ದನಿಗಳ ಅಳು ಏರಿ, ‘ನಿಶ್ಶಬ್ದ’ ಎಂಬ ಫಲಕವಿದ್ದ ವಾಚನಾಲಯವನ್ನೆಲ್ಲ ತುಂಬಿತು. ಕೇಶವಮೂರ್ತಿ ದಡಬಡನೆ ಎದ್ದು ಬಾಗಿಲವರೆಗೆ ಹೋದರು, ನಿಂತರು, ಓದುಗರತ್ತ ತಿರುಗಿದರು.

“ಒಳಗೆ ಮದುವೆ ಹುಡುಗಿ ಇದಾಳೆ. ಸ್ವಲ್ಪ ತಡ್ಕೊಳ್ಳಿ.”

ಒಂದು ವರ್ಷದ ಅವಧಿಯ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಕಸ್ತೂರಿಬಾಯಿ ಬಿಟ್ಟುಹೋದದ್ದು: ವೃದ್ಧ ತಾಯಿ, ಕನ್ನಡಿ ಕೂರಿಸಿದ, ಒಮ್ಮೆಯೂ ಉಡದ ಒಂದು ಮದುವೆ ಲಂಗ, ರಬ್ಬರ್ ಬ್ಯಾಂಡಿನಿಂದ ಮುಚ್ಚಳ ಬಿಗಿದ ಟೇಪ್‌ರೆಕಾರ್ಡರ್, ತಾಯಿಯ ಹೆಸರಿರುವ ಕಾರ್ಡು, ಹಿಂದಿನ ಕೋಣೆಯಲ್ಲಿ ಇಬ್ಬರು ಕೂರುವ ಒಂದು ಚಾಪೆ. ಒಬ್ಬರಿಗೆಂದು ಅದನ್ನು ಹಾಸುವಂತಿಲ್ಲ.