ಮೈಕಿನಲ್ಲಿ ಓದಿದ ಚೀಟಿ

ಮಂಜುಳಾ, ಆ ಚೀಟಿ ಬರೆದವಳು ನಾನು, ಗಿರಿಜಾ. ಚನ್ನಗಿರಿಯ ಮೈದಾನದಲ್ಲಿ, ‘ಗುಡುಗು’ ತಂಡದ ಕಾರ್ಯಕ್ರಮದ ನಡುವೆ, ಅಷ್ಟೊಂದು ಜನರ ಮುಂದೆ ಮೈಕಿನಲ್ಲಿ ಓದಿದ ಆ ಚೀಟಿ. ನಿನ್ನ ಹೆಸರು ಹಾಕಿ ನಾನೇ ಬರೆದೆ. ಮಾರನೆಯ ದಿನ ನಿಮ್ಮಪ್ಪಾಜಿ ಅದನ್ನು ನನ್ನ ಕೈಗಿಟ್ಟು ಕೇಳಿದಾಗ, ಅದು ನಿನ್ನದೇ ಅಕ್ಷರ ಎಂದವಳೂ ನಾನೇ. ಮೊದಲನೆಯದು ನಿನಗೆ ಗೊತ್ತೋ ಇಲ್ಲವೋ — ಎರಡನೆಯದು ಗೊತ್ತು. ಗೊತ್ತಿದ್ದೂ ನಲವತ್ತು ವರ್ಷ ನೀನು ನನ್ನನ್ನು ಏನೂ ಕೇಳಲಿಲ್ಲ.

ಎಲ್ಲವನ್ನೂ ಮೊದಲಿನಿಂದ ಬರೆಯುತ್ತೇನೆ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ಬಿಟ್ಟು ಬಿಟ್ಟು ಹೇಳಿದರೆ ಆ ಸಂದಿಯಲ್ಲೇ ನಾನು ನುಸುಳಿಕೊಂಡು ಹೋಗುವವಳು — ನನ್ನ ಬುದ್ಧಿ ನನಗೆ ಗೊತ್ತಿದೆ.

‘ಗುಡುಗು’ ತಂಡವನ್ನು ಮೊದಲು ಕೇಳಿದ್ದು ಹೊನ್ನಾಳಿಯಲ್ಲಿ, ನಮ್ಮ ಅತ್ತೆಯ ಮನೆಗೆ ಹೋಗಿದ್ದಾಗ. ಅಲ್ಲಿಯವರೆಗೆ ಬಸವಾಪಟ್ಟಣದ ನಮಗಿಬ್ಬರಿಗೆ ಹಾಡೆಂದರೆ ರೇಡಿಯೋ, ಭಜನೆ, ಮದುವೆಯ ವಾಲಗ. ಆವತ್ತು ಬೆಲ್‌ಬಾಟಮ್ ತೊಟ್ಟ ಐದು ಜನ ಬೆಂಗಳೂರಿನ ಹುಡುಗರು ವೇದಿಕೆ ಹತ್ತಿದರು. ಕರೆಂಟಿನ ಗಿಟಾರು, ಹೊಳೆಯುವ ಡ್ರಮ್ಮು. ಮೊದಲ ಏಟಿನ ಸದ್ದು ಕಿವಿಗಿಂತ ಮುಂಚೆ ಎದೆಗೆ ಬಡಿಯಿತು. ಪಕ್ಕದಲ್ಲಿದ್ದ ಹಿರಿಯರೊಬ್ಬರು, ಇದು ಹಾಡೋ ತಗಡಿನ ಅಂಗಡಿಯೋ ಎಂದು ಗೊಣಗುತ್ತ ಎದ್ದುಹೋದರು. ನಾವು ಮಾತ್ರ ಕೈ ಕೈ ಹಿಡಿದುಕೊಂಡು ಬಾಯಿ ತೆರೆದು ನಿಂತೆವು. ಬಾಡಿಗೆ ಸೈಕಲ್ಲಿನ ಬಗ್ಗೆ ಅವರೇ ಕಟ್ಟಿದ ಒಂದು ಹಾಡಿತ್ತಲ್ಲ, ಅದನ್ನು ಹಾಡುವಾಗ ಗಿಟಾರಿನ ಸುಧೀರ ಕಣ್ಣು ಮುಚ್ಚಿಕೊಂಡು ನಗುತ್ತಿದ್ದ.

ಆಮೇಲೆ ಅವರಿಗೆ ಕಾಗದ ಬರೆದೆವು. ಮೂರು ದಿನ ಕೂತು ಒಕ್ಕಣೆ ಕಟ್ಟಿದವಳು ನಾನು. ಒಂದೊಂದು ಸಾಲನ್ನೂ ನಾನೇ ಯೋಚಿಸಿದ್ದು. ನನ್ನದು ಕಾಗೆ ಕಾಲು ಗುಬ್ಬಿ ಕಾಲಿನ ಬರಹ, ಹಾಗಾಗಿ ಚೆನ್ನಾಗಿ ಬರೆದುಕೊಟ್ಟವಳು ನೀನು. ಕೆಳಗೆ ಇಬ್ಬರ ಹೆಸರೂ ಇತ್ತು. ಉತ್ತರ ಬಂದದ್ದು ನಿನ್ನೊಬ್ಬಳ ಹೆಸರಿಗೆ — ಒಂದು ಕಾರ್ಡು. ನಿಮ್ಮ ಅಕ್ಷರ ಮುತ್ತಿನಂತಿದೆ, ಕಾಗದವನ್ನು ಗೋಡೆಗೆ ಅಂಟಿಸಿದ್ದೇವೆ, ಮುಂದಿನ ತಿಂಗಳು ಚನ್ನಗಿರಿಗೆ ಬರುತ್ತಿದ್ದೇವೆ, ಚೀಟಿ ಕಳಿಸಿ, ನಿಮಗಾಗಿ ಸೈಕಲ್ ಹಾಡು ಹಾಡುತ್ತೇವೆ — ಸುಧೀರ. ಕೊನೆಯಲ್ಲಿ, ಜಾಗ ಉಳಿಯಿತೆಂದು ಸೇರಿಸಿದಂತೆ, ‘ನಿಮ್ಮ ಗೆಳತಿಗೂ ನಮಸ್ಕಾರ.’

ಆ ಗೆಳತಿ ನಾನು. ಕಾರ್ಡನ್ನು ನೀನು ಕುಣಿಯುತ್ತ ತಂದು ನನ್ನ ಕೈಗೆ ಕೊಟ್ಟೆ. ನಾನೂ ನಕ್ಕೆ. ಹೊಟ್ಟೆಕಿಚ್ಚು ಎಂಬ ಮಾತನ್ನು ನಾನು ಮುಂದೆ ಎಷ್ಟೋ ಮಕ್ಕಳಿಗೆ ಪಾಠದಲ್ಲಿ ಬಿಡಿಸಿ ಹೇಳಿದ್ದೇನೆ. ಅದರ ಅರ್ಥ ನನಗೆ ತಿಳಿದದ್ದು ಆ ಸಂಜೆ, ನಿಮ್ಮ ಮನೆಯ ಕಟ್ಟೆಯ ಮೇಲೆ.

ಚನ್ನಗಿರಿಯ ಕಾರ್ಯಕ್ರಮ ಮಧ್ಯಾಹ್ನ ಮೂರಕ್ಕೆ. ಸಂಜೆಯಾದರೆ ಕರೆಂಟು ಕೈಕೊಡುತ್ತದೆಂದು ಕಮಿಟಿಯವರು ಹಾಗೆ ಇಟ್ಟಿದ್ದರು. ಕಮಿಟಿಯಲ್ಲಿ ನಿನ್ನ ಸೋದರಮಾವ ಇದ್ದರು. ಅವರ ಮನೆಯಲ್ಲಿ ಊಟ ಮಾಡಿ, ಅವರ ಜವಾಬ್ದಾರಿಯಲ್ಲಿ ಹೋಗಬೇಕು ಎಂಬ ಕರಾರಿನ ಮೇಲೆ ನಿಮ್ಮಪ್ಪಾಜಿ ಒಪ್ಪಿದ್ದರು. ಎತ್ತಿನ ವ್ಯಾಪಾರದ ಮನುಷ್ಯ, ಮಾತು ಕಡಿಮೆ, ಆದರೆ ನಮ್ಮ ಓದಿನ ಮೇಲೆ ಅವರಿಗೆ ಎಷ್ಟು ಹೆಮ್ಮೆ. ನಮಗಿಬ್ಬರಿಗೂ ಶಿವಮೊಗ್ಗದಲ್ಲಿ ಶಿಕ್ಷಕರ ತರಬೇತಿಗೆ, ಟಿ.ಸಿ.ಎಚ್. ಸೀಟು ಸಿಕ್ಕಿತ್ತು. ಇನ್ನು ಹದಿನೈದು ದಿನಕ್ಕೆ ಇಬ್ಬರೂ ಒಟ್ಟಿಗೆ ಹೊರಡುವುದಿತ್ತು. ನೀನು ಟ್ರಂಕಿಗೆ ಹೆಸರು ಕೂಡ ಬರೆಸಿಯಾಗಿತ್ತು.

ಬಿದಿರು ಕಟ್ಟಿ ಬೇರೆ ಮಾಡಿದ್ದ ಹೆಂಗಸರ ಕಡೆಯಲ್ಲಿ ನಮಗೆ ಜಾಗ ಸಿಕ್ಕಿತು. ಬಿಸಿಲು, ಧೂಳು, ಆಚೆ ಕಡೆಯಿಂದ ಶಿಳ್ಳೆ. ಮೊದಲ ಹಾಡಿಗೇ ನೀನು ತುದಿಗಾಲಿನಲ್ಲಿ ನಿಂತೆ. ಸೆರಗು ಜಾರಿದ್ದೂ ನಿನಗೆ ಗೊತ್ತಿರಲಿಲ್ಲ, ನಾನೇ ಸರಿಮಾಡಿದೆ. ಅಷ್ಟು ಸಂತೋಷವನ್ನು ಒಬ್ಬರ ಮುಖದಲ್ಲಿ ಮತ್ತೆ ನಾನು ನೋಡಲಿಲ್ಲ. ಅದನ್ನು ನೋಡುತ್ತಲೇ ಕೂತು ಬರೆದೆ.

ಆಗಿನ ಪದ್ಧತಿ ಹಾಗಿತ್ತು — ಬೇಕಾದ ಹಾಡನ್ನು ಚೀಟಿಯಲ್ಲಿ ಬರೆದು, ಯಾರಿಗಾಗಿ, ಯಾರಿಂದ ಎಂದು ಹೆಸರು ಹಾಕಿ, ಮುಂದಿನವರ ಕೈಗೆ ಕೊಟ್ಟರೆ ಅದು ಕೈಯಿಂದ ಕೈಗೆ ದಾಟಿ ವೇದಿಕೆ ಸೇರುತ್ತಿತ್ತು. ಎರಡು ಹಾಡಿನ ಮಧ್ಯೆ ನಿರೂಪಕ ಅವನ್ನು ಓದುತ್ತಿದ್ದ. ‘ಚೀಟಿ ನೀನೇ ಬರಿ ಕಣೇ, ನನಗೆ ಕೈ ನಡುಗ್ತೈತೆ’ ಎಂದು ಪೆನ್ನು ಕೊಟ್ಟವಳು ನೀನು. ಸೈಕಲ್ ಹಾಡು, ಗಿರಿಜಾ ಮತ್ತು ಮಂಜುಳಾ — ಇಷ್ಟು ಬರೆದಿದ್ದರೆ ಮುಗಿಯುತ್ತಿತ್ತು. ನಾನು ನಿನ್ನ ಹಾಗೆ ಅಕ್ಷರಗಳನ್ನು ದುಂಡಗೆ ಮಾಡಿ ಬರೆದೆ — ‘ಪ್ರೀತಿಯ ಸುಧೀರ ಅವರಿಗೆ. ನಿಮ್ಮ ಓಲೆ ನನ್ನ ಎದೆಯ ಹತ್ತಿರವೇ ಇದೆ. ಸೈಕಲ್ ಹಾಡು ಹಾಡಿ. ನಿಮ್ಮವಳೇ ಆದ ಮಂಜುಳಾ, ಬಸವಾಪಟ್ಟಣ.’

ತಮಾಷೆಗೆ ಬರೆದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ತಮಾಷೆಗೆ ಬರೆಯುವವರು ಅಕ್ಷರ ಬದಲಿಸುವುದಿಲ್ಲ. ಊರಿನ ಹೆಸರು ಹಾಕುವುದಿಲ್ಲ.

ಚೀಟಿ ನನ್ನ ಕೈಬಿಟ್ಟಿತು. ಮುಂದಿನ ಸಾಲಿನ ಹೆಂಗಸು, ಅವಳ ಮುಂದಿನವಳು, ಆಮೇಲೆ ಬಿದಿರಿನಾಚೆಯ ಸ್ವಯಂಸೇವಕ — ನಾನು ನೋಡುತ್ತಲೇ ಇದ್ದೆ. ‘ಅದನ್ನು ಇತ್ತ ಕೊಡ್ರಿ’ ಎಂದು ಒಂದು ಕೂಗು ಹಾಕಿದ್ದರೆ ಸಾಕಿತ್ತು. ಬಾಯಿ ತೆರೆದೆ ಕೂಡ. ಡ್ರಮ್ಮು ಶುರುವಾಯಿತು. ಆ ಹಾಡು ಮುಗಿಯುವವರೆಗೆ ನಾನು ನಿರೂಪಕನ ಕೈಯನ್ನೇ ನೋಡುತ್ತಿದ್ದೆ. ನಿರೂಪಕ ಮೊದಲು ತೆಗೆದದ್ದು ನ್ಯಾಮತಿಯ ಯಾರೋ ಹುಡುಗರ ಚೀಟಿ. ಇನ್ನೊಂದು ಹಾಡು. ಚೀಟಿ ಕಳೆದುಹೋಗಿರಬೇಕು ಎಂದುಕೊಂಡು ನಾನು ದೇವರನ್ನು ನೆನೆದೆ — ಹೋಗಲಿ ಎಂದು ಬೇಡಿದೆನೋ, ಬರಲಿ ಎಂದು ಬೇಡಿದೆನೋ, ಅದನ್ನು ಮಾತ್ರ ಈಗಲೂ ಪ್ರಾಮಾಣಿಕವಾಗಿ ಹೇಳಲಾರೆ.

ಆಮೇಲೆ ಅವನು ಓದಿದ. ಓದುವುದೆಂದರೆ, ಎಳೆದೆಳೆದು, ‘ಎದೆಯ ಹತ್ತಿರ’ ಎನ್ನುವಲ್ಲಿ ನಿಂತು, ಜನರ ಶಿಳ್ಳೆಗೆ ಕಾದು, ‘ನಿಮ್ಮವಳೇ ಆದ’ ಎಂಬುದನ್ನು ಎರಡು ಸಲ ಓದಿದ. ನಿನ್ನ ಹೆಸರು, ನಮ್ಮ ಊರಿನ ಹೆಸರು ಮೈದಾನದ ನಾಲ್ಕೂ ಮೂಲೆಯ ಸ್ಪೀಕರಿನಿಂದ ಬಂತು. ಸುಧೀರ ನಕ್ಕು, ಜನರತ್ತ ಕೈಬೀಸಿ, ಹಾಡು ಎತ್ತಿಕೊಂಡ. ಅವನ ತಪ್ಪೇನೂ ಇಲ್ಲ. ನೀನು ನನ್ನ ಕಡೆ ತಿರುಗಿದೆ. ನಿನ್ನ ಮುಖದಲ್ಲಿ ನಗು ಇನ್ನೂ ಪೂರ್ತಿ ಆರಿರಲಿಲ್ಲ. ಅಷ್ಟರಲ್ಲಿ ನಿನ್ನ ಮಾವ ಬಂದು ರಟ್ಟೆ ಹಿಡಿದು ಎಳೆದುಕೊಂಡು ಹೊರಟರು.

ನಾವು ಅಷ್ಟು ಕಾದಿದ್ದ ಆ ಹಾಡನ್ನು ನೀನು ಬಸ್ ಸ್ಟ್ಯಾಂಡಿನ ದಾರಿಯಲ್ಲಿ, ಬೆನ್ನ ಹಿಂದಿನಿಂದ ಕೇಳಿದೆ.

ಬಸ್ಸಿನಲ್ಲಿ ನೀನು ನನ್ನನ್ನು ಅನುಮಾನಿಸಲಿಲ್ಲ. ಚೀಟಿ ದಾಟುವಾಗ ಯಾರೋ ಬದಲಿಸಿರಬೇಕು ಎಂದವಳು ನೀನು. ಅಪ್ಪಾಜಿಗೆ ನನ್ನ ಮೇಲೆ ನಂಬಿಕೆ ಇದೆ ಎಂದವಳೂ ನೀನೇ. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ.

ಮಾರನೆಯ ಬೆಳಿಗ್ಗೆ ನಿನ್ನ ಮಾವ ಆ ಚೀಟಿಯನ್ನೇ ತಂದರು. ನಿನ್ನ ಚೀಲದಲ್ಲಿ ಸುಧೀರನ ಕಾರ್ಡೂ ಸಿಕ್ಕಿತು. ಇಷ್ಟಾದರೂ ನಿಮ್ಮಪ್ಪಾಜಿ ದುಡುಕಲಿಲ್ಲ. ಅವರಿಗೆ ಓದು ಬರುತ್ತಿರಲಿಲ್ಲ. ಮಾವ ಓದಿ ಹೇಳಿದ್ದನ್ನು ಕೇಳಿ, ನಿನ್ನನ್ನು ಕೇಳಿದರಂತೆ. ಬರೆದಿಲ್ಲ ಎಂದೆ ನೀನು. ಹಾಗಾದರೆ ಸಾಕ್ಷಿ ಏನು ಎಂದರು ಮಾವ. ಆಗ ನೀನು ಹೇಳಿದ ಮಾತನ್ನು ನಿಮ್ಮವ್ವ ಆಮೇಲೆ ನನಗೆ ಹೇಳಿದರು — ‘ಗಿರೀನ ಕೇಳ್ರಿ ಅಪ್ಪಾಜಿ. ನನ್ನ ಅಕ್ಷರ ಅವಳಿಗೆ ಗೊತ್ತೈತೆ.’

ನೀನು ಕೊಟ್ಟ ಪೆನ್ನಿನಲ್ಲಿ ನಾನು ನಮ್ಮಿಬ್ಬರ ಹೆಸರನ್ನಷ್ಟೇ ಬರೆದೆನೆಂದು ನೀನು ನಂಬಿದ್ದೆ. ಎರಡು ಹೆಸರಿನ ಆ ಚೀಟಿಯನ್ನು ಯಾರೋ ಬದಲಿಸಿದರೆಂದು ನಾನು ಹೇಳುತ್ತೇನೆ, ಅಷ್ಟಕ್ಕೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದೆ ನೀನು.

ಅವರು ನಮ್ಮ ಮನೆಗೆ ಒಬ್ಬರೇ ಬಂದರು. ನಾನು ಹಿತ್ತಿಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ದೂರದ ಸಂತೆಗಳಿಂದ ಬರುವ ವ್ಯಾಪಾರದ ಕಾಗದಗಳನ್ನು ಅವರು ನನ್ನಿಂದಲೇ ಓದಿಸುತ್ತಿದ್ದರಲ್ಲ — ನೀನು ಗಡಿಬಿಡಿಯಲ್ಲಿ ನುಂಗಿ ಓದುತ್ತೀಯೆಂದು. ಅದೇ ರೀತಿ, ಟವೆಲ್ಲಿನ ಮಡಿಕೆಯಿಂದ ಚೀಟಿ ತೆಗೆದು ಕೊಟ್ಟರು.

‘ಊರಾಗೆ ಬೇರೆ ಯಾರಿಗೂ ಇದನ್ನ ತೋರ್ಸಾಕೆ ಆಗಲ್ಲ ತಾಯಿ,’ ಎಂದರು. ‘ನೀನು ಸುಳ್ಳು ಹೇಳಲ್ಲ ಅಂತ ನನಗೆ ಗೊತ್ತೈತೆ. ಇದು ನಮ್ಮ ಹುಡುಗಿ ಅಕ್ಷರ ಹೌದಾ, ಅಲ್ಲವಾ? ಅಷ್ಟು ಹೇಳು.’

ಅಲ್ಲ ಎಂದರೆ ಮುಂದಿನ ಪ್ರಶ್ನೆ ಏನೆಂದು ನನಗೆ ಗೊತ್ತಿತ್ತು — ಮತ್ತೆ ಯಾರದು? ನಮ್ಮಪ್ಪ ಒಳಗೇ ಇದ್ದರು. ನನ್ನ ಟ್ರಂಕೂ ಒಳಗೇ ಇತ್ತು. ಚೀಟಿಯನ್ನು ಓದುವವಳಂತೆ ಬಹಳ ಹೊತ್ತು ಹಿಡಿದುಕೊಂಡೆ.

‘ಹೌದು ದೊಡ್ಡಪ್ಪ. ಅವಳದೇ.’

ಅವರು ಚೀಟಿಯನ್ನು ವಾಪಸ್ಸು ತೆಗೆದುಕೊಂಡು, ಮಡಿಸಿ, ನಮ್ಮ ಅಂಗಳ ದಾಟಿ ಹೋದರು. ಬೇಲಿಯೇ ಎದ್ದು ಹೊಲ ಮೇಯ್ದಿತು ಎನ್ನುತ್ತಾರೆ. ಅವರು ನ್ಯಾಯ ಕೇಳಲು ಬಂದದ್ದು ಕಳ್ಳಿಯ ಹತ್ತಿರವೇ.

ಉಳಿದದ್ದು ನಿನ್ನ ಬಾಳು, ನಾನು ಬರೆಯುವುದೇನಿದೆ. ಸೀಟು ಬಿಡಿಸಿದರು. ಎರಡು ತಿಂಗಳಲ್ಲಿ ಜಗಳೂರಿಗೆ ಕೊಟ್ಟರು. ಮದುವೆಯ ದಿನ ನಾನು ಶಿವಮೊಗ್ಗದಿಂದ ಬಂದಿದ್ದೆ. ಎದುರಿಗೆ ಸಿಕ್ಕಾಗ ನೀನು ನೆಟ್ಟಗೆ ನೋಡಿದೆ. ಬೈಯುತ್ತೀಯೆಂದು ನಿಂತೆ, ಬೈದರೆ ಎಲ್ಲ ಹೇಳಿಬಿಡುವುದೆಂದೂ ನಿಂತೆ. ‘ಊಟ ಮಾಡ್ಕಂಡು ಹೋಗು, ಗಿರಿಜಾ’ ಎಂದೆ. ಅಲ್ಲಿಯವರೆಗೆ ನಾನು ನಿನಗೆ ಬರೀ ಗಿರಿ ಆಗಿದ್ದೆ. ನಾನು ಊಟ ಮಾಡಿಕೊಂಡು ಹೋದೆ.

ಮೂವತ್ತಾರು ವರ್ಷ ಟೀಚರಾಗಿ ಕೆಲಸ ಮಾಡಿದೆ. ಕಾಪಿ ಮಾಡಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದೆ. ‘ಗುಡುಗು’ ತಂಡ ಯಾವಾಗಲೋ ಮುರಿದುಹೋಯಿತಂತೆ. ನನಗೆ ಆ ಹಾಡು ಮತ್ತೆ ಕೇಳುವ ಧೈರ್ಯ ಬರಲಿಲ್ಲ, ಅದೂ ಒಂದು ದೊಡ್ಡ ಶಿಕ್ಷೆಯೇನಲ್ಲ.

ಇದನ್ನು ಈಗ ಬರೆಯುವುದಕ್ಕೆ ಕಾರಣ ನನ್ನ ಒಳ್ಳೆಯತನವಲ್ಲ. ಹೋದ ವಾರ ಬಸವಾಪಟ್ಟಣಕ್ಕೆ ಹೋಗಿದ್ದೆ, ನಿನ್ನ ತಮ್ಮನ ಮನೆಯಲ್ಲಿ ನಿಮ್ಮಪ್ಪಾಜಿಯನ್ನು ನೋಡಿದೆ. ತೊಂಬತ್ತರ ಹತ್ತಿರ. ಕಣ್ಣು ಮಂಜಾಗಿದೆ, ನೆನಪು ಮಂಜಾಗಿಲ್ಲ. ನನ್ನ ದನಿ ಕೇಳಿ ಗುರುತು ಹಿಡಿದರು, ಪಕ್ಕದಲ್ಲಿ ಕೂರಿಸಿಕೊಂಡರು. ಅವತ್ತು ಗೆಳತಿ ಎಂದು ನೋಡದೆ ನಿಜ ಹೇಳಿದೆಯೆಂದು ನನ್ನನ್ನು ಹೊಗಳಿದರು — ಹೊಗಳಿದರು, ಮಂಜಿ. ಸೊಸೆ ಕಾಫಿ ತಂದಿಟ್ಟಳು. ಆಮೇಲೆ ದನಿ ತಗ್ಗಿಸಿ ಹೇಳಿದರು —

‘ಚೀಟಿ ಬರೆದಿದ್ದನ್ನ ನಾನು ಆವಾಗಲೇ ಮರೆತೆ ಕಣವ್ವ. ಹುಡುಗಾಟ. ಆದರೆ ಬರೆದಿಲ್ಲ, ಬರೆದಿಲ್ಲ ಅಂತ ಇವತ್ತಿಗೂ ಸುಳ್ಳು ಹೇಳ್ತಾಳೆ. ಹೌದಪ್ಪ ಅಂದಿದ್ರೆ ಮುಗೀತಿತ್ತು. ಅದಕ್ಕೆ ನಾನು ಅವಳ ಜೊತೆ ಬಾಯಿತುಂಬ ಮಾತಾಡಿಲ್ಲ. ಈಗ ಆಡಾಕೆ ಹೊತ್ತಿಲ್ಲ.’

ಹಬ್ಬಕ್ಕೆ ನೀನು ಬರುತ್ತೀಯೆ, ಕಾಲಿಗೆ ನಮಸ್ಕಾರ ಮಾಡುತ್ತೀಯೆ, ಅವರು ‘ಹ್ಞೂಂ’ ಎನ್ನುತ್ತಾರೆ, ನೀನು ಹೋಗುತ್ತೀಯೆ. ನಲವತ್ತು ವರ್ಷದಿಂದ ಹೀಗೇ ಎಂದು ನಿನ್ನ ತಮ್ಮ ಹೇಳಿದ. ನಿನ್ನಿಂದ ಸೀಟು ಒಂದನ್ನೇ ಕಸಿದೆನೆಂದು ನಾನು ತಿಳಿದಿದ್ದೆ. ನಿನ್ನ ಅಪ್ಪನನ್ನೂ ಕಸಿದಿದ್ದೆ. ಇಷ್ಟೆಲ್ಲ ಕೇಳಿಯೂ ಆವತ್ತು ನಾನು ಬಾಯಿ ಬಿಡಲಿಲ್ಲ. ಕಾಫಿ ಕುಡಿದು, ನಮಸ್ಕಾರ ಮಾಡಿ, ಎದ್ದು ಬಂದೆ. ಚೀಟಿ ಒಂದು, ಸುಳ್ಳು ಸಾಕ್ಷಿ ಎರಡು, ಇದು ಮೂರನೆಯ ಸಲ.

ಕ್ಷಮಿಸು ಎಂದು ಬರೆಯುವುದಿಲ್ಲ. ಕ್ಷಮಿಸಿದರೆ ನನಗೆ ಹಗುರಾಗುತ್ತದೆ, ನಿನಗೇನು ಬಂತು. ಈ ಕಾಗದ ಸೋಮವಾರಕ್ಕೆ ಜಗಳೂರು ಮುಟ್ಟಬಹುದು. ಮೊದಲು ನಿನಗೆ ತಿಳಿಯಲಿ ಎಂದು ಕಾಯುತ್ತಿದ್ದೇನೆ. ಗುರುವಾರ ಬೆಳಿಗ್ಗೆ ಬಸವಾಪಟ್ಟಣಕ್ಕೆ ಹೋಗುತ್ತೇನೆ, ನಿನ್ನ ತಮ್ಮ, ಅವನ ಹೆಂಡತಿ ಎಲ್ಲರೂ ಇರುವಾಗಲೇ ನಿಮ್ಮಪ್ಪಾಜಿಗೆ ಹೇಳುತ್ತೇನೆ. ಅವರು ಹೊರಗೆ ನಡಿ ಎಂದರೆ ನಡೆಯುತ್ತೇನೆ.

ಆಮೇಲೆ ಅವರು ನಿನಗೆ ಫೋನ್ ಮಾಡಿಸಬಹುದು. ಎತ್ತಿಕೋ.