ಅತ್ತರಿನ ಕೆಳಗಿನ ವಾಸನೆ

ಗೆಳತಿಯ ಮಗಳ ಮದುವೆಗೆಂದು ಸ್ಟೇಷನ್ ರಸ್ತೆಯಲ್ಲಿ ಅತ್ತರು ಕೊಳ್ಳಲು ಹೋಗಿದ್ದೆ. ಅಂಗಡಿಯವರು ನನ್ನ ಮುಂಗೈಗೆ ಒಂದಿಷ್ಟು ಸವರಿ, ‘ಮೂಸಿ ನೋಡ್ರಿ ಅಕ್ಕಾರ’ ಎಂದರು. ಗುಲಾಬಿ. ಆದರೆ ನನ್ನ ಮೂಗು ಗುಲಾಬಿಯ ಕೆಳಗೆ ಇನ್ನೇನನ್ನೋ ಹುಡುಕತೊಡಗಿತು. ನರ್ಸುಗಳ ಮೂಗು ಸುಮ್ಮನಿರುವ ಜಾತಿಯಲ್ಲ. ಮನೆಯಲ್ಲಿ ಪಲ್ಯ ಸೀದದ್ದು ಮಾತ್ರ ಅದಕ್ಕೆ ತಿಳಿಯುವುದಿಲ್ಲ, ಆ ಮಾತು ಬೇರೆ.

ಎಷ್ಟೋ ವರ್ಷಗಳ ಹಿಂದೆ ನಾನು ಇಬ್ರಾಹಿಂಪುರದಿಂದ ದಿನಾ ಬಸ್ಸು ಹಿಡಿದು ತಿಕೋಟಾದ ಸಣ್ಣದೊಂದು ದವಾಖಾನೆಗೆ ಹೋಗುತ್ತಿದ್ದೆ. ಒಂದು ಮಧ್ಯಾಹ್ನ, ಡಾಕ್ಟರು ಒಳಗೆ ಹೆರಿಗೆ ಮಾಡಿಸುತ್ತಿದ್ದಾಗ, ಹೊನವಾಡದಿಂದ ದಸ್ತಗೀರಣ್ಣನನ್ನು ಕರೆತಂದರು. ದ್ರಾಕ್ಷಿ ತೋಟದ ಕೆಲಸದವನು. ನಮ್ಮ ಕಡೆಯವರು ಎಷ್ಟೇ ಜಡ್ಡಾಗಲಿ, ದವಾಖಾನೆಗೆ ಇದ್ದ ಹಾಗೆ ಎದ್ದು ಬರುವುದಿಲ್ಲ ನೋಡಿ. ಅವನಿಗೂ ಮೈ ತೊಳೆದು, ಮಡಿಸಿಟ್ಟ ಬಿಳಿ ಅಂಗಿ ತೊಡಿಸಿ, ಅತ್ತರು ಹಚ್ಚಿ, ತಲೆಗೆ ರುಮಾಲು ಸುತ್ತಿದ್ದರು.

‘ಬಿಸಲು ಹತ್ತೇತ್ರಿ ಸಿಸ್ಟರ. ವಾಂತಿ ಮಾಡ್ಕೊಂಡಾರ. ಒಂದು ಸಲೈನ್ ಹಚ್ರಿ’ ಎಂದಳು ಹೆಂಡತಿ ಖತೀಜಾ.

ಬಿಸಿಲು ಹತ್ತಿದವರ ಮೈ ಸುಡುತ್ತದೆ. ಈತನ ಮೈ ತಣ್ಣಗೆ ಬೆವರುತ್ತಿತ್ತು, ಬಾಯಿಂದ ಜೊಲ್ಲು ಇಳಿಯುತ್ತಿತ್ತು. ರೆಪ್ಪೆ ಬಿಡಿಸಿ ನೋಡಿದೆ: ಕಣ್ಣಿನ ಪಾಪೆ ಗುಂಡುಸೂಜಿಯ ತಲೆಯಷ್ಟು. ಎದೆಯೊಳಗೆ ಗೊರಗೊರ ಸದ್ದು. ನಮ್ಮ ಕಡೆ ‘ಎಣ್ಣಿ’ ಎನ್ನುವ ಕೀಟನಾಶಕ ಮೈಗೇರಿದವರ ಗುರುತುಗಳಿವು; ನನಗೆ ಹೆದರಿಕೆಯಾಯಿತು.

‘ತೋಟಕ್ಕ ಎಣ್ಣಿ ಹೊಡ್ಯಾಕ ಹೋಗಿದ್ರೇನವಾ?’

‘ಇಲ್ರಿ’ ಎಂದಳು, ನೆಲ ನೋಡುತ್ತ.

ಮೂಗಿಗೆ ಬರುತ್ತಿದ್ದುದು ಬರೀ ಗುಲಾಬಿ. ಅವಳ ಮಾತು ನಂಬಿ ಕಾದರೆ ಈತನ ಉಸಿರು ನಿಲ್ಲಬಹುದು. ಒಳಗಿನ ಹೆರಿಗೆ ಬಿಡಿಸಿ ಡಾಕ್ಟರನ್ನು ಕರೆದು ನಾನು ತಪ್ಪಿದರೆ, ಆ ತಾಯಿ ಮಗುವಿನ ಗತಿ? ಆದರೂ ಹೋಗಿ ಬಾಗಿಲು ಬಡಿದೆ, ಕಂಡದ್ದನ್ನೆಲ್ಲ ಹೇಳಿದೆ.

‘ಖಾತ್ರಿ ಐತೇನು?’ ಒಳಗಿನಿಂದ ಡಾಕ್ಟರು ಕೇಳಿದರು.

‘ಕಣ್ಣು, ಎದಿ, ಬೆವರು ಎಲ್ಲಾ ಎಣ್ಣೀದ ಹೇಳತಾವ್ರಿ. ಮನಿಯವ್ರು ಅಲ್ಲ ಅಂತಾರ.’

ಹೆರಿಗೆಯನ್ನು ಆಯಾಗೆ ಒಪ್ಪಿಸಿ ಅವರು ಬರುವಷ್ಟರಲ್ಲಿ, ಬೆವರು ಒರೆಸಲೆಂದು ನಾನು ರುಮಾಲು ಬಿಚ್ಚಿದೆ. ದ್ರಾಕ್ಷಿಗೆ ಹೊಡೆಯುವ ಔಷಧದ ಘಾಟು ಗಪ್ಪನೆ ಮುಖಕ್ಕೆ ಬಡಿಯಿತು. ಎಲ್ಲ ಬದಲಿಸಿದ್ದರು, ಅದೊಂದನ್ನು ಬಿಟ್ಟು. ತೋಟದಲ್ಲಿ ತೊಯ್ದ ಅದೇ ರುಮಾಲು ದಾರಿಯುದ್ದಕ್ಕೂ ತಲೆಗೆ ವಿಷ ಕುಡಿಸುತ್ತ ಬಂದಿತ್ತು.

ಖತೀಜಾ ಅಲ್ಲೇ ಕುಸಿದಳು. ‘ಎಣ್ಣಿ ಅಂದ್ರ ಸಾಯಾಕ ಕುಡದಾರ ಅಂತ ಪೊಲೀಸ್ ಕೇಸ್ ಆಗ್ತೈತಂತ ಹೆದರಿದ್ನಿರಿ. ಬರಿತಲಿಲೆ ಹ್ಯಾಂಗ ಕರಕೊಂಡ ಬರ್ಲಿ ಅಂತ ಅದನ್ನ ಸುತ್ತೀನಿ.’

ಡಾಕ್ಟರು ಆ ವಿಷ ಇಳಿಸುವ ಅಟ್ರೋಪಿನ್ ಕೊಡುತ್ತ ಹೋದರು. ನಾನು ಅವನ ತಲೆ ಸೋಪು ಹಚ್ಚಿ ತೊಳೆದೆ, ಮತ್ತೆ ತೊಳೆದೆ. ಎದೆಯ ಗೊರಗೊರ ನಿಂತಿತು. ಅದೇ ಹೊತ್ತಿಗೆ ಒಳಗೆ ಕೂಸು ಅತ್ತಿತು. ನಾನೂ ಅತ್ತೆ, ಬಕೆಟ್ಟು ತುಂಬಿಸುವ ನೆಪದಲ್ಲಿ.

ಮುಂದೆ ದ್ರಾಕ್ಷಿಯ ಹಂಗಾಮಿನಲ್ಲಿ ದಸ್ತಗೀರಣ್ಣ ಬುಟ್ಟಿ ಹಿಡಿದು ಬಂದ. ಹೊಸ ರುಮಾಲು ಮಡಿಸಿ ಕಂಕುಳಲ್ಲಿಟ್ಟುಕೊಂಡಿದ್ದ. ‘ನೀವು ಬಿಚ್ಚಸೂದಕ್ಕಿಂತ ಮೊದಲ ನಾನ ಬಿಚ್ಕೊಂಡ ಬಂದೀನ್ರಿ’ ಎಂದು ನಕ್ಕ.

‘ವಾಸನಿ ಹಿಡಸಲಿಲ್ಲೇನ್ರಿ ಅಕ್ಕಾರ?’ ಅಂಗಡಿಯವರು ಕೇಳುತ್ತಿದ್ದರು.

ಇಷ್ಟು ವರ್ಷ ಗುಲಾಬಿ ಎಂದರೆ ಮುಖ ತಿರುಗಿಸುತ್ತಿದ್ದೆ. ಮತ್ತೊಮ್ಮೆ ಮೂಸಿದೆ. ಕೆಳಗೆ ಏನೂ ಇರಲಿಲ್ಲ, ಬರೀ ಹೂವು.

‘ಹಿಡಸ್ತ್ರಿ. ಎರಡು ಸೀಸೆ ಕೊಡ್ರಿ, ಒಂದು ನನಗ.’